ಖರ್ಜೂರದ ಸುಳಿ

ಕಾಡುಗೋಡಿ,
ಏಪ್ರಿಲ್ 29, ಬುಧವಾರ, ಮಧ್ಯಾಹ್ನ

ಪ್ರೀತಿಯ ವಸಂತ್ ಅವರಿಗೆ,

ಕೃಪಾಳ ವಂದನೆಗಳು. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಈ ತಿಂಗಳಲ್ಲಿ ಬೀದರಿನ ಬಿಸಿಲು ಹೇಗಿರುತ್ತದೆಂದು ನಿಮ್ಮ ಅಮ್ಮ ಹೇಳಿ ಹೇಳಿ ನನ್ನನ್ನು ಹೆದರಿಸಿದ್ದಾರೆ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಓಆರ್‌ಎಸ್ ಪೊಟ್ಟಣ ಇಟ್ಟಿದ್ದೇನೆ. ನೀವು ನೋಡಿರುವುದಿಲ್ಲ, ಈಗ ನೋಡಿ. ಈ ವರ್ಷದ ಸಮ್ಮೇಳನದಲ್ಲಿ ಒಂದು ಕೋಣೆಗೆ ನಿಮ್ಮಂಥ ಐದು ಜನ ಸಭಾಪಾಲಕರು ಅಂದಿರಿ. ಐದು ಜನರ ಗೊರಕೆಯ ಮಧ್ಯೆಯೂ ನೀವು ನಿದ್ದೆ ಮಾಡುತ್ತೀರಿ, ಆ ವರ ನಿಮಗಿದೆ. ಪಾಪು ಚೆನ್ನಾಗಿದ್ದಾಳೆ. ಭಾನುವಾರ ನೀವು ಹೊರಟ ಮೇಲೆ ಸ್ವಲ್ಪ ಮೈ ಬೆಚ್ಚಗಿತ್ತು, ಈಗಿಲ್ಲ. ಹಲ್ಲು ಬರುವುದಕ್ಕೋ ಏನೋ, ಮುಷ್ಟಿ ಬಾಯಿಗಿಟ್ಟುಕೊಂಡು ಎಚ್ಚರವಾಗಿಯೇ ಇರುತ್ತಾಳೆ. ಅವಳಿಗೆ ಐದು ತಿಂಗಳಾಯಿತು, ನಾನು ಒಂದೇ ಸಮನೆ ಮೂರು ಗಂಟೆ ಮಲಗಿದ್ದು ನೆನಪಿಲ್ಲ. ಈ ಪತ್ರದಲ್ಲಿ ಮಾತು ಹಿಂದುಮುಂದಾದರೆ ಅದನ್ನು ನಿದ್ದೆಗೆಟ್ಟವಳ ಬರವಣಿಗೆ ಅಂದುಕೊಳ್ಳಿ. ಆದರೆ ಇದರಲ್ಲಿರುವ ವಿಷಯವನ್ನು ಹಾಗೆ ಅಂದುಕೊಳ್ಳಬೇಡಿ.

ಫೋನಿನಲ್ಲಿ ಹೇಳದೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗುತ್ತೀರೇನೋ. ಸೋಮವಾರ ಎರಡು ಸಲ, ನಿನ್ನೆ ಮೂರು ಸಲ ಹೇಳಲು ಹೊರಟೆ. ಪ್ರತಿ ಸಲವೂ ನಿಮ್ಮ ಪಕ್ಕದಲ್ಲಿ ಯಾರೋ ಇದ್ದರು, ನೀವು ಹಾಂ ಹಾಂ ಆಮೇಲೆ ಅಂದಿರಿ. ಅಲ್ಲಿ ಎಲ್ಲರ ಕಿವಿಯೂ ಭಾನುವಾರ ಓದುವ ನೇಮಕಾತಿ ಪಟ್ಟಿಯ ಮೇಲಿದೆ, ನನಗೆ ಗೊತ್ತು. ಯಾರು ಯಾವ ಊರಿನ ಸಭೆಗೆ, ಯಾರು ಇದ್ದಲ್ಲೇ, ಎಂದು ಬಿಷಪ್ಪರು ಓದುವವರೆಗೆ ನಮ್ಮಂಥ ಮನೆಗಳಲ್ಲಿ ಪರದೆ ಹೊಲಿಸುವುದಕ್ಕೂ ಧೈರ್ಯವಿಲ್ಲ. ಈರಪ್ಪಣ್ಣ ಸಭೆಯ ಪ್ರತಿನಿಧಿಯಾಗಿ ಇವತ್ತು ಸಂಜೆಯ ರೈಲಿಗೆ ಬರುತ್ತಿದ್ದಾರೆ. ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ನಾಳೆ ಬೆಳಿಗ್ಗೆ ನಿಮಗೆ ಸಿಗುತ್ತದೆ. ದಯವಿಟ್ಟು ಒಬ್ಬರೇ ಕೂತು ಓದಿ.

ಮನೆಯ ಕಡೆ ಎಲ್ಲ ಸರಿಯಾಗಿದೆ. ಬೋರಿನ ನೀರು ದಿನ ಬಿಟ್ಟು ದಿನ ಬಿಡುತ್ತಿದ್ದಾರೆ. ಕೆಳಗಿನ ಮನೆಯ ಚಿಕ್ಕಮುನಿಯಮ್ಮ ದಿನಾ ಪಾಪುವಿಗೆ ಎಣ್ಣೆ ತಿಕ್ಕಲು ಮೇಲೆ ಬರುತ್ತಾರೆ, ತಿಕ್ಕುತ್ತ ತಿಕ್ಕುತ್ತ ನಿಮ್ಮನ್ನು ಬೈಯುತ್ತಾರೆ. "ನಿಮ್ಮ ಫಾದ್ರು ಊರೋರ ತೋಟ ಎಲ್ಲಾ ತಿರುಗ್ತಾರೆ, ಮನೆ ಮುಂದ್ಲ ಕರಿಬೇವಿಗೆ ಒಂದು ಚೆಂಬು ನೀರು ಆಕಿದ್ದು ನಾ ಕಾಣೆ ಕಣಮ್ಮಾ," ಅಂದರು ನಿನ್ನೆ. ನಮಗೆ ಮನೆ ಬಾಡಿಗೆಗೆ ಕೊಟ್ಟವರು, ಅವರಿಗೆ ಆ ಹಕ್ಕಿದೆ. ನಾನು ನಕ್ಕೆ. ಆಮೇಲೆ ನಾನೇ ಹೋಗಿ ನೀರು ಹಾಕಿದೆ.

ಈಗ ತೋಟಗಳ ವಿಷಯಕ್ಕೇ ಬರುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಕ್ರಮವಾಗಿ ಬರೆದರೆ ಮಾತ್ರ ಕೊನೆಯವರೆಗೆ ಹೋಗುವ ಧೈರ್ಯ ಬರುತ್ತದೆ. ಬೂದಿ ಬುಧವಾರದ ದಿನ, ಈಸ್ಟರಿಗೆ ಮುಂಚಿನ ಲೆಂಟಿನ ನಲವತ್ತು ದಿನವೂ ದಿನಕ್ಕೊಂದು ತೋಟಕ್ಕೆ ಹೋಗುತ್ತೇನೆ ಎಂದು ಸಭೆಯ ಮುಂದೆ ಹೇಳಿದಿರಲ್ಲ, ಅವತ್ತು ನನಗೆ ಹೆಮ್ಮೆಯಾಗಿತ್ತು. ನಮ್ಮ ಸಭೆಯ ಅರ್ಧ ಜನ ರಾಯಚೂರು, ಬೀದರ್ ಕಡೆಯಿಂದ ಬಂದು ಅಪಾರ್ಟ್‌ಮೆಂಟುಗಳ ಮಾಲಿಗಳಾಗಿ, ಹೊಸಕೋಟೆ ರಸ್ತೆಯ ನರ್ಸರಿಗಳಲ್ಲಿ ಕೂಲಿಗಳಾಗಿ ಇರುವವರು. ಭಾನುವಾರ ಅವರಿಗೆ ರಜವಿಲ್ಲ. ಅವರು ಬರಲಾಗದಿದ್ದರೆ ಸಭೆಯೇ ಅವರಲ್ಲಿಗೆ ಹೋಗಲಿ ಅಂದಿರಿ. ಊಟದ ಬಿಡುವಿನಲ್ಲಿ ಪಂಪ್‌ಹೌಸಿನ ಹಿಂದೆ, ಗೊಬ್ಬರದ ಚೀಲಗಳ ಮೇಲೆ ಕೂತು ಒಂದು ಕೀರ್ತನೆ, ಒಂದು ಪ್ರಾರ್ಥನೆ, ಅವರ ಬುತ್ತಿಯಿಂದ ಅರ್ಧ ರೊಟ್ಟಿ. ಸಂಜೆ ಮನೆಗೆ ಬಂದರೆ ನಿಮ್ಮ ಪ್ಯಾಂಟಿನ ಮಡಿಕೆಯಲ್ಲಿ ಹೊಂಗೆ ಹೂವು. ಯಾವ ತೋಟದಲ್ಲಿ ಯಾರು ಅತ್ತರು, ಯಾವ ನರ್ಸರಿಯ ಕ್ರೋಟನ್ ಹೊಸ ಎಲೆ ಬಿಟ್ಟಿತು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಿರಿ. ಹದಿನಾಲ್ಕು ಮನೆಯ ಸಭೆ ಮೂವತ್ತೊಂದಾಯಿತು. ಈಸ್ಟರ್ ಮುಂಜಾನೆಯ ಆರಾಧನೆ ನರ್ಸರಿಯ ಗಿಡಗಳ ಸಾಲಿನ ನಡುವೆ ನಡೆಯಿತು. ಮದುವೆಯಾದ ಮೇಲೆ ನೀವು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ನಾನು ಮಾತ್ರ ಆ ನಲವತ್ತು ದಿನವೂ ಈ ಕಿಟಕಿಯ ಪಕ್ಕದಲ್ಲೇ ಇದ್ದೆ. ದೂರುತ್ತಿಲ್ಲ. ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಆದರೆ ಆ ಸಂಭ್ರಮದಲ್ಲಿ ನನ್ನದು ಎಂದು ಒಂದೂ ಇರಲಿಲ್ಲ. ಅದಕ್ಕೇ ಈಸ್ಟರಿನ ಹಿಂದಿನ ಗರಿಗಳ ಭಾನುವಾರಕ್ಕೆ ಮಕ್ಕಳಿಗೆ ಶಿಲುಬೆಗಳನ್ನು ನಾನು ಹೆಣೆದುಕೊಡುತ್ತೇನೆ ಎಂದದ್ದು. ಬಂಗಾರಪೇಟೆಯಲ್ಲಿ ನಮ್ಮಪ್ಪ ಈಚಲಿನ ಸುಳಿಯ ಎಳೆಯ ಗರಿಯಲ್ಲಿ ಹೆಣೆಯುತ್ತಿದ್ದರು, ನೆತ್ತಿಯಲ್ಲಿ ಇನ್ನೂ ಬಿಚ್ಚದ, ಬೆಣ್ಣೆಯ ಬಣ್ಣದ, ಮೆತ್ತಗಿನ ಗರಿ. ಹೋದ ವರ್ಷ ಇಲ್ಲಿ ಮಾರುಕಟ್ಟೆಯ ತೆಂಗಿನ ಗರಿ ತಂದು ಹೆಣೆದಾಗ ಎಲ್ಲ ಸೀಳಿಹೋಗಿತ್ತು. ಈ ವರ್ಷ ನೀವು ಹೂಡಿಯ ಅಪಾರ್ಟ್‌ಮೆಂಟಿನ ಮಾಲಿ ಮುತ್ತಣ್ಣನಿಗೆ ಹೇಳಿದ್ದು ಇಷ್ಟೇ, ಅಲ್ಲಿ ಕತ್ತರಿಸಿ ಬಿಸಾಡುವ ಗರಿಗಳಿದ್ದರೆ ಮಾತ್ರ ತಾ ಎಂದು. ನನ್ನ ಎದುರೇ ಹೇಳಿದಿರಿ.

ಅದಾದ ಮೇಲೆ, ಶನಿವಾರ ಮಧ್ಯಾಹ್ನ, ನಾನು ಅವನಿಗೆ ಫೋನ್ ಮಾಡಿದೆ. ಅಯ್ಯನವರಿಗೆ ಬಿಳಿ ಸುಳಿಯೇ ಬೇಕಂತೆ, ನಿನಗೆ ಹೇಳು ಅಂದರು, ಅಂದೆ. ನಾನು ಕೇಳಿದರೆ ಅವನು ತರುತ್ತಾನೋ ಇಲ್ಲವೋ, ನಿಮ್ಮ ಹೆಸರು ಹೇಳಿದರೆ ಖಂಡಿತ ತರುತ್ತಾನೆ ಎಂದು ಗೊತ್ತಿದ್ದೇ ಹೇಳಿದೆ. ಅವನು, "ಸುಳಿ ಕೊಯ್ದ್ರ ಮರ ಉಳಿಯಂಗಿಲ್ರಿ ಅಮ್ಮಾರ," ಅಂದ. ಸುಮ್ಮನೆ ಅಂದದ್ದಲ್ಲ, ಎಚ್ಚರಿಸಿದ್ದು. ನಾನು, ಏನೂ ಆಗಲ್ಲ ಮುತ್ತಣ್ಣ, ನಮ್ಮೂರಲ್ಲಿ ಪ್ರತಿ ವರ್ಷ ಕೊಯ್ತಾರೆ, ಅಂದೆ. ಅಲ್ಲಿ ಕೆರೆಯಂಚಿನಲ್ಲಿ ನೂರಾರು ಈಚಲಿದ್ದವು, ಯಾವುದು ಉಳಿಯಿತು ಯಾವುದು ಒಣಗಿತು ಎಂದು ಯಾರು ನೋಡಿದರು? ಆ ಅಪಾರ್ಟ್‌ಮೆಂಟಿನಲ್ಲಿ ಗೇಟಿನಿಂದ ಕ್ಲಬ್‌ಹೌಸಿನವರೆಗೆ ಎಣಿಸಿ ಹನ್ನೆರಡು ಖರ್ಜೂರದ ಮರ, ಕ್ರೇನಿನಲ್ಲಿ ಇಳಿಸಿ ನೆಟ್ಟವು. ಭಾನುವಾರ ಬೆಳಕು ಹರಿಯುವಾಗ ಅವನು ಒದ್ದೆ ಬಟ್ಟೆಯಲ್ಲಿ ಸುತ್ತಿದ ಸುಳಿ ತಂದು ನನ್ನ ಕೈಗೆ ಕೊಟ್ಟು, ಕೆಲಸಕ್ಕೆ ಹೊತ್ತಾಯಿತೆಂದು ಓಡಿದ. ಮೂವತ್ತಾರು ಶಿಲುಬೆ ಆದವು. ಎಷ್ಟು ಚೆನ್ನಾಗಿವೆ ಎಂದು ನೀವು ಪ್ರಸಂಗಪೀಠದಿಂದಲೇ ಹೇಳಿದಿರಿ. ಈ ಗರಿ ಎಲ್ಲಿಂದ ಬಂತು ಎಂದು ಕೇಳಿದಾಗ, ಮುತ್ತಣ್ಣ ತಂದುಕೊಟ್ಟ ಎಂದಷ್ಟೇ ಹೇಳಿದೆ.

ಎರಡು ವಾರಕ್ಕೆ ಆ ಮರದ ನೆತ್ತಿ ಕಂದಿತು, ಮೂರನೆಯ ವಾರ ಗರಿಗಳು ಛತ್ರಿ ಮುಚ್ಚಿದ ಹಾಗೆ ಇಳಿಬಿದ್ದವು. ಕ್ಯಾಮೆರಾದಲ್ಲಿ ಏಣಿ ಹಾಕಿದವನು ಯಾರೆಂದು ಸಿಕ್ಕಿತು. ಅಲ್ಲಿನ ತೋಟದ ಗುತ್ತಿಗೆದಾರ ಅವನನ್ನು ಅವತ್ತೇ ಕೆಲಸದಿಂದ ಬಿಡಿಸಿದ. ನೀವು ಅವನನ್ನು ಮನೆಗೆ ಕರೆಸಿ ಕೇಳಿದ ಸಂಜೆ ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಮುತ್ತಣ್ಣಾ, ಬಿಸಾಡಿದ್ದು ಮಾತ್ರ ತಾ ಅಂದಿದ್ನಲ್ಲಪ್ಪ, ಯಾಕೆ ಹೀಗೆ ಮಾಡಿದೆ?" ಎಂದಿರಿ. ನೀವು ಸುಳಿ ಕೇಳಿರಲಿಲ್ಲ ಎಂಬುದು ಅವನಿಗೆ ಗೊತ್ತಾದದ್ದೇ ಆಗ. ಅವನು ನನ್ನ ಕಡೆ ಒಂದು ಸಲ ನೋಡಿದ. ಸಿಟ್ಟಿನಿಂದಲ್ಲ. ನಾನು ಹೇಳುತ್ತೇನೇನೋ ಎಂದು ಕಾದು ನೋಡಿದ್ದು, ಅಷ್ಟೇ. ನಾನು ಚಹಾ ಕೆಳಗಿಟ್ಟೆ. "ತಪ್ಪಾತ್ರಿ ಅಯ್ಯನವ್ರ," ಅಂದ ಅವನು. ಆ ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದ.

ಆ ವಾರದ ಭಾನುವಾರ ಅವನು ಹೆಂಡತಿ ದಾನೇಶ್ವರಿ ಮತ್ತು ಮಗಳ ಜೊತೆ ಆರಾಧನೆಗೆ ಬಂದಿದ್ದ. ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಭಾನುವಾರ ಅದು, ಕೆಲಸ ಹೋದದ್ದರಿಂದ ಸಿಕ್ಕಿದ್ದು. ಅವತ್ತೇ ನೀವು ತನ್ನದಲ್ಲದ್ದನ್ನು ದೇವರಿಗೆ ತರುವವರ ಬಗ್ಗೆ ಪ್ರಸಂಗ ಮಾಡಿದಿರಿ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದಾನೇಶ್ವರಿ ಸೆರಗು ಹಣೆಯವರೆಗೆ ಎಳೆದುಕೊಂಡಳು. ನನ್ನ ತೊಡೆಯ ಮೇಲಿನ ಮಗು ಅತ್ತಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ. ಆ ಒಂದು ದಿನ ಅವಳು ಅಳಲಿಲ್ಲ.

ಪಾಪುವಿನಿಂದ ನಿದ್ದೆಯಿಲ್ಲ ಎಂದು ನಿಮಗೆ ಹೇಳುತ್ತಿದ್ದೆನಲ್ಲ, ಈ ಹತ್ತು ದಿನ ಅದು ಅರ್ಧ ನಿಜ.

ನಿನ್ನೆ ಬೆಳಿಗ್ಗೆ ಸ್ತ್ರೀಸಂಘದವರು ಬಂದಾಗ ತಿಳಿಯಿತು, ಮುತ್ತಣ್ಣನವರು ಶುಕ್ರವಾರ ಖೋಲಿ ಖಾಲಿ ಮಾಡಿ ದೇವದುರ್ಗಕ್ಕೆ ಹೋಗುತ್ತಿದ್ದಾರಂತೆ. ಆ ಗುತ್ತಿಗೆದಾರ ಬೇರೆ ತೋಟಗಳಿಗೂ ಹೇಳಿಬಿಟ್ಟಿದ್ದಾನೆ, ಯಾರೂ ತೆಗೆದುಕೊಳ್ಳುವುದಿಲ್ಲ. ಮಗಳನ್ನು ಶಾಲೆ ಬಿಡಿಸುತ್ತಾರೆ, ಐದನೇ ಕ್ಲಾಸಿಗೆ. ನಾನು ಪಾಪುವನ್ನು ಎತ್ತಿಕೊಂಡು ರೈಲ್ವೆ ಸ್ಟೇಷನ್ ಹಿಂದಿನ ಅವರ ತಗಡಿನ ಖೋಲಿಗೆ ಹೋದೆ. ತಟ್ಟೆ ಪಾತ್ರೆಗಳನ್ನು ಆಗಲೇ ಚೀಲಕ್ಕೆ ಹಾಕಿದ್ದರು. ನಾನು ಅಪಾರ್ಟ್‌ಮೆಂಟಿನವರ ಹತ್ತಿರ ಹೋಗಿ ನಿಜ ಹೇಳುತ್ತೇನೆ ಅಂದೆ. ದಾನೇಶ್ವರಿ ಕೆಲಸ ನಿಲ್ಲಿಸಲಿಲ್ಲ. "ಹೇಳೂದಿದ್ರ ಅವತ್ತ ಹೇಳಬೇಕಿತ್ರಿ ಅಮ್ಮಾರ. ನಮ್ಮನಿಯವ್ರು ಸಾಲಿ ಕಲ್ತಿಲ್ಲ, ಬಾಯಿ ಮುಚ್ಚೂದು ಕಲ್ತಾರ. ನೀವು ಕಾಲೇಜ್ ಕಲ್ತೀರಿ, ನಿಮಗ್ಯಾಕ ಬಾಯಿ ಬರಲಿಲ್ಲ?" ಅಂದಳು. ನಾನು ಪಾಪುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದೆ. ಆಮೇಲೆ ಅವಳೇ, "ಕೊಡ್ರಿಲ್ಲಿ ಕೂಸಿನ, ಬಿಸಲಾಗ ಬಾಡ್ಯಾದ," ಎಂದು ಪಾಪುವನ್ನು ತೆಗೆದುಕೊಂಡು ಕಾಲ ಮೇಲೆ ಮಲಗಿಸಿ ತೂಗಿದಳು. ಪಾಪು ಮಲಗಿದಳು. ಹೇಳಲು ನಾಚಿಕೆಯಾಗುತ್ತದೆ, ಸುತ್ತಿಟ್ಟ ಹಾಸಿಗೆಗೆ ಒರಗಿ ಕೂತವಳು ನಾನೂ ಮಲಗಿಬಿಟ್ಟೆ. ಎದ್ದಾಗ ಹನ್ನೆರಡೂವರೆ. ಮುತ್ತಣ್ಣ ಹೊರಗೆ ಬಾಗಿಲಿಗೆ ಅಡ್ಡವಾಗಿ ಕೂತು, ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಳ್ಳುತ್ತಿದ್ದ. ಅಯ್ಯನವರಿಗೆ ಹೇಳಬ್ಯಾಡ್ರಿ, ಅವರ ಮನಸ್ಸು ಒಡೀತದ, ಎಂದಷ್ಟೇ ಅವನು ಹೇಳಿದ್ದು.

ಅಲ್ಲಿಂದ ನೇರ ಹೂಡಿಗೆ ಹೋದೆ. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನೀಲಾಂಬಿಕಾ ಮೇಡಂ ಒಳ್ಳೆಯವರೇ, ಮಗುವನ್ನು ನೋಡಿ ಫ್ಯಾನ್ ಹಾಕಿಸಿದರು. ಪೂರ್ತಿ ಕೇಳಿಸಿಕೊಂಡರು. "ಬಾಯಲ್ಲಿ ಹೇಳಿದ್ರೆ ಕಮಿಟಿ ಒಪ್ಪಲ್ಲ ಕಣಮ್ಮಾ. ನಿಮ್ಮ ಚರ್ಚ್ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ, ನಾವೇ ಕೇಳಿದ್ವಿ ಅಂತ. ಅವನನ್ನ ವಾಪಸ್ ತಗೊಳ್ಳೋಕೆ ನಾನು ಹೇಳ್ತೀನಿ. ಆದ್ರೆ ಕೊಟ್ಟ ಮೇಲೆ ನಿಮ್ಮ ಯಜಮಾನ್ರನ್ನ ಗೇಟ್ ಒಳಗೆ ಬಿಡೋಕಾಗಲ್ಲ, ಅದನ್ನೂ ಈಗ್ಲೇ ಹೇಳ್ಬಿಡ್ತೀನಿ," ಅಂದರು. ಅಲ್ಲಿ ಮಾತ್ರವಲ್ಲ. ನಿಮ್ಮ ನಲವತ್ತು ತೋಟಗಳಲ್ಲಿ ಹದಿನೇಳು ಅದೇ ಗುತ್ತಿಗೆದಾರನ ಕೈಯಲ್ಲಿವೆ, ಆ ಗೇಟುಗಳೂ ಮುಚ್ಚಬಹುದು. ಪತ್ರದ ಒಂದು ಪ್ರತಿ ನಮ್ಮ ಮೇಲಿನವರಿಗೂ ಹೋಗುತ್ತದಂತೆ, ಅಂದರೆ ಜಿಲ್ಲಾ ಮೇಲ್ವಿಚಾರಕರಾದ ಡಿ.ಎಸ್. ಅಯ್ಯನವರಿಗೆ. ಪಟ್ಟಿ ಮಾಡುವವರಲ್ಲಿ ಅವರೂ ಒಬ್ಬರು. ಕಾಡುಗೋಡಿಯಲ್ಲಿ ಇನ್ನೊಂದೇ ಒಂದು ವರ್ಷ ಕೊಟ್ಟರೆ ಸಾಕು ಎಂದು ನೀವು ಪ್ರಾರ್ಥಿಸುತ್ತಿರುವುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಅದಕ್ಕೇ ಕೇಳುತ್ತಿದ್ದೇನೆ. ಲೆಟರ್‌ಹೆಡ್ ನಿಮ್ಮದು, ತೋಟಗಳು ನಿಮ್ಮವು, ತಪ್ಪು ನನ್ನದು. ಆ ಪತ್ರ ಕೊಡಲೇ, ಬೇಡವೇ? ನೀವು ಭಾನುವಾರ ರಾತ್ರಿ ಅಲ್ಲಿಂದ ಹೊರಡುತ್ತೀರಿ, ಅವರು ಶುಕ್ರವಾರ ಹೋಗುತ್ತಾರೆ. ನಾಳೆ ಓದಿದ ಕೂಡಲೇ ಫೋನ್ ಮಾಡಿ. ಬೈದರೂ ಸರಿ. ನಿಮ್ಮ ಅಮ್ಮ ಸಿಕ್ಕರೆ ನನ್ನ ನಮಸ್ಕಾರ ತಿಳಿಸಿ, ಪಾಪು ಅವರ ಮೂಗನ್ನೇ ತಂದಿದ್ದಾಳೆ ಎಂದು ಹೇಳಿ. ಕರ್ತನು ನಿಮ್ಮನ್ನು ಬಿಸಿಲಿನಿಂದಲೂ ಆ ಮೆಸ್ಸಿನ ಎಣ್ಣೆಯಿಂದಲೂ ಕಾಯಲಿ.

ಇಂತಿ ನಿಮ್ಮ,
ಕೃಪಾ

ಮರೆತದ್ದು: ಅಲ್ಲ, ಮರೆತದ್ದಲ್ಲ. ಪತ್ರ ಮಡಿಸಿಟ್ಟು ಈರಪ್ಪಣ್ಣನಿಗೆ ಕಾಯುತ್ತ ಕೂತಿದ್ದೆ. ನಿಮ್ಮ ಉತ್ತರ ಏನಿರಬಹುದೆಂದು ಯೋಚಿಸಿದೆ. ಬೇಡ ಅಂದುಬಿಟ್ಟರೆ ನಾನು ನಿಮ್ಮ ಮಾತಿನ ಹಿಂದೆ ಅಡಗಿಕೊಳ್ಳುತ್ತೇನೆ ಅನ್ನಿಸಿತು. ಮೇಜಿನ ಖಾನೆಯಿಂದ ಲೆಟರ್‌ಹೆಡ್ ತೆಗೆದು ಬರೆದೆ: ಸಭಾಪಾಲಕರು ಕೇಳಲಿಲ್ಲ, ಅವರ ಹೆಸರು ಹೇಳಿ ನಾನು ಕೇಳಿದೆ, ಮುತ್ತಣ್ಣ ಬೇಡವೆಂದು ಎಚ್ಚರಿಸಿದ್ದ. ಸಭೆಯ ಮೊಹರು ಒತ್ತಿ, ನನ್ನ ಸಹಿ ಹಾಕಿ, ಆಟೋದಲ್ಲಿ ಹೋಗಿ ನೀಲಾಂಬಿಕಾ ಮೇಡಂ ಕೈಗೆ ಕೊಟ್ಟು ಈಗ ತಾನೇ ಬಂದೆ. ಅವರು ನನ್ನೆದುರೇ ಗುತ್ತಿಗೆದಾರನಿಗೆ ಫೋನ್ ಮಾಡಿದರು. ಶನಿವಾರದಿಂದ ಮುತ್ತಣ್ಣನಿಗೆ ಮತ್ತೆ ಕೆಲಸ, ಗೇಟಿನ ಕಡೆ ಬೇಡ, ಹಿಂದಿನ ಗೊಬ್ಬರದ ಗುಂಡಿಯ ಕಡೆ. ನಿಮಗೆ ಪ್ರವೇಶವಿಲ್ಲ ಎಂದು ಕಾವಲಿನವನಿಗೂ ಆಗಲೇ ಹೇಳಿಯಾಯಿತು. ಡಿ.ಎಸ್. ಅಯ್ಯನವರಿಗೆ ಪ್ರತಿ ತಲುಪುವ ಮೊದಲು ನೀವೇ ಹೋಗಿ ಹೇಳಿ, ಪಟ್ಟಿಯಲ್ಲಿ ಏನು ಬಂದರೂ ನಾನು ಸಾಮಾನು ಕಟ್ಟುತ್ತೇನೆ. ಈರಪ್ಪಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಮುತ್ತಣ್ಣನ ನಂಬರ್ ನಿಮ್ಮ ಫೋನಿನಲ್ಲಿದೆ. ಆ ಭಾನುವಾರ ಮಾಡಿದ ಪ್ರಸಂಗದ ಬಗ್ಗೆ ನೀವು ಮೊದಲು ಮಾತಾಡಬೇಕಾದದ್ದು ಅವನ ಜೊತೆ. ಆಮೇಲೆ ನನಗೆ ಫೋನ್ ಮಾಡಿ.