‘ಇದ್ದುಬಿಡು’ ಅಂದಳಂತೆ ಅಮ್ಮ

ಬಾಹ್ಯಾಕಾಶ ನಿಲ್ದಾಣದಿಂದ,
ಅಕ್ಟೋಬರ್ 19

ಪ್ರೀತಿಯ ಅಕ್ಕ ಉಸ್ತ್ಯಾ,

ನಾನು ಕ್ಷೇಮ. ನೀನು, ಭಾವ, ಗ್ಲಾಷಾ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಇಲ್ಲಿಂದ ಒಂದು ಕಾಗದ ಕೆಳಗೆ ಬರಬೇಕಾದರೆ ಅದಕ್ಕೊಂದು ವಾಹನ ಸಿಗಬೇಕು. ಈಗ ಸಿಕ್ಕಿದೆ. ಹೋದ ವಾರ ಬಂದ ಸರಕು ನೌಕೆಯಲ್ಲಿ ಹಾಲಿನ ಕ್ಯಾನಿನಂಥ ಒಂದು ಕೋಶವಿದೆ. ಹಿಂದಿರುಗುವಾಗ ನೌಕೆ ಗಾಳಿಯಲ್ಲೇ ಉರಿದುಹೋಗುತ್ತದೆ. ಕೋಶ ಮಾತ್ರ ಪ್ಯಾರಾಚೂಟು ಬಿಚ್ಚಿಕೊಂಡು ಹುಲ್ಲುಗಾವಲಿಗೆ ಇಳಿಯುತ್ತದೆ. ಫಿಲಂ ಸುರುಳಿಗಳ ಸಂದಿಯಲ್ಲಿ ಈ ಕಾಗದವನ್ನೂ ತುರುಕಲು ಕಮಾಂಡರ್ ಯೆಫಿಮ್ ಲುಕಿಚ್ ಒಪ್ಪಿದ್ದಾರೆ.

ಅಮ್ಮನ ಸುದ್ದಿ ನನಗೆ ತಿಳಿಯಿತು ಅಕ್ಕ. ಹೇಗೆ ತಿಳಿಯಿತೆಂದು ಹೇಳುತ್ತೇನೆ, ಕೇಳು.

ಭಾನುವಾರ ಮನೆಯವರ ಜೊತೆ ಮಾತಾಡುವ ದಿನ. ಅದಕ್ಕೆ ಅವರು ನಿಯಂತ್ರಣ ಕೇಂದ್ರಕ್ಕೇ ಬರಬೇಕು; ಅಷ್ಟು ದೂರದ ಪ್ರಯಾಣ ನಿನಗೂ ಅಮ್ಮನಿಗೂ ಆಗುತ್ತಿರಲಿಲ್ಲ. ಪರದೆಯ ಮೇಲೆ ಯೆಫಿಮ್ ಅವರ ಹೆಂಡತಿ ಕ್ಲಾವಾ ಬಂದಿದ್ದರು. ಗಂಡನ ಜೊತೆ ಬಿಸಿನೀರಿನ ಪೈಪು ಒಡೆದ ಕಥೆಯೆಲ್ಲ ಮುಗಿಸಿ ನನ್ನ ಕಡೆ ತಿರುಗಿದರು.

“ರೋದ್ಯಾ, ನಲವತ್ತನೇ ದಿನದ ಕಾರ್ಯಕ್ಕೆ ನಾನೂ ನಿಮ್ಮೂರು ಯಾರೊಸ್ಲಾವ್ಲ್‌ಗೆ ಹೋಗಿದ್ದೆ ಕಣಪ್ಪಾ. ನಿಮ್ಮಕ್ಕ ಬ್ಲಿನಿ ದೋಸೆ ಹುಯ್ದು ಎಲ್ಲರಿಗೂ ಬಡಿಸಿದ್ರು. ಗೋರಿ ಮೇಲೆ ನಿನ್ನ ಹೆಸರಲ್ಲೂ ಹೂವಿಟ್ಟೆ.”

“ಯಾರ ಗೋರಿ ಮೇಲೆ?” ಎಂದೆ.

ಕ್ಲಾವಾ ಬಾಯಿಗೆ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ನಾವು ಭೂಮಿಯ ಸಂಪರ್ಕದಿಂದ ಆಚೆ ಹೋಗಿ ಪರದೆಯ ತುಂಬ ಬರೀ ಗೆರೆಗಳು ಓಡಿದವು. ನಾನು ಯೆಫಿಮ್ ಅವರತ್ತ ನೋಡಿದೆ. ಅವರ ಮುಖವೂ ಬಿಳುಚಿತ್ತು. “ಆಣೆಗೂ ನನಗೆ ಗೊತ್ತಿರ್ಲಿಲ್ಲ ಕಣೋ. ಗೊತ್ತಿದ್ರೆ ದಿನಾ ನಿನ್ನ ಮುಖ ನೋಡೋಕಾಗ್ತಿತ್ತಾ?” ಎಂದರು. ಇನ್ನೊಂದು ಸುತ್ತು ಮುಗಿದು ಮತ್ತೆ ನೆಲದ ದನಿ ಸಿಗುವವರೆಗೆ ನಾನು ಕಿಟಕಿಗೆ ಅಂಟಿಕೊಂಡಿದ್ದೆ. ಕೆಳಗೆ ಸಮುದ್ರ ಹೋಯಿತು, ಮರಳುಗಾಡು ಹೋಯಿತು. ಅಮ್ಮ ಅವೆರಡರಲ್ಲೂ ಇರಲಿಲ್ಲ.

ದನಿ ವೇನ್ಯಾನದು. ನಮ್ಮ ಅಡುಗೆಮನೆಯಲ್ಲಿ ಅಮ್ಮನ ಕೈಯ ಎಲೆಕೋಸಿನ ಸೂಪು ಕುಡಿದು ಬೆಳೆದ ನನ್ನ ಗೆಳೆಯ ವೇನ್ಯಾ! ನನ್ನ ಜೊತೆ ರೇಡಿಯೋದಲ್ಲಿ ಮಾತಾಡಲು ಕೇಂದ್ರದಲ್ಲಿ ಅವನನ್ನೇ ಕೂರಿಸುತ್ತಾರೆಂದು ತಿಳಿದಾಗ ನಾನು ಎಷ್ಟು ಹಿಗ್ಗಿದ್ದೆ, ನಿನಗೆ ನೆನಪಿರಬೇಕು.

“ಹೌದು ರೋದ್ಯಾ. ಆಗಸ್ಟ್ ಕೊನೇಲಿ. ಹೃದಯ,” ಎಂದ.

“ಮೊನ್ನೆ ಕೂಡ ‘ಅಮ್ಮ ಚೆನ್ನಾಗಿದಾರೆ, ಬಾಲ್ಕನೀಲಿ ಟೊಮೆಟೊ ಬಿಟ್ಟಿದೆ’ ಅಂದ್ಯಲ್ಲೋ!”

“ಹೇಳಬಾರದು ಅಂತ ತೀರ್ಮಾನ ಆಗಿತ್ತು ಕಣೋ.”

“ಯಾರ ತೀರ್ಮಾನ?”

ಅವನು ನಾಳೆ ಬರುವ ಸರಕು ನೌಕೆಯ ಮಾತೆತ್ತಿದ. ಸಂಪರ್ಕವೂ ಮುಗಿಯಿತು.

ಟೊಮೆಟೊದ ಸುಳ್ಳನ್ನು ಹೇಗೋ ನುಂಗಬಹುದು. ನುಂಗಲಾಗದ್ದು ಬೇರೆ. ಮುಂದಿನ ತಂಡದ ರಾಕೆಟ್ ಸಿದ್ಧವಾಗಿಲ್ಲ, ಇನ್ನೆರಡು ತಿಂಗಳು ಉಳಿಯುತ್ತೀರಾ ಎಂದು ಆಗಸ್ಟಿನಲ್ಲಿ ನಮ್ಮನ್ನು ಕೇಳಿದ್ದರು. ನಾನು ವೇನ್ಯಾಗೆ, “ಅಮ್ಮನ್ನ ಕೇಳು. ಬಾ ಅಂದ್ರೆ ಬರ್ತೀನಿ, ಯಾರ ಮುಲಾಜೂ ಇಲ್ಲ,” ಎಂದಿದ್ದೆ. ಮರುದಿನ ಅವನು ಹೇಳಿದ: “ಇದ್ದುಬಿಡು ಅಂದ್ರು. ದೇಶದ ಕೆಲಸ ದೊಡ್ಡದು ಅಂದ್ರು.” ನನಗೆ ನಗು ಬಂತು. ಅರ್ಧ ಆಯಸ್ಸು ಟ್ರಾಮ್ ಓಡಿಸಿದವಳು ನಮ್ಮಮ್ಮ. ತಿಂಗಳುಗಟ್ಟಲೆ ಪಿಂಚಣಿ ತಡವಾದಾಗ ದೇಶದ ಬಗ್ಗೆ ಅವಳು ಆಡುತ್ತಿದ್ದ ಮಾತನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ಆದರೂ ಹೇಳಿದವನು ವೇನ್ಯಾ ಅಲ್ಲವೇ ಎಂದು ನಂಬಿದೆ. ಉಳಿಯುತ್ತೇನೆ ಎಂದು ಒಪ್ಪಿಕೊಂಡೆ.

ಸುದ್ದಿ ತಿಳಿದ ಮರುದಿನವೇ ಸರಕು ನೌಕೆ ಬರುವುದಿತ್ತು. ನೀರು, ಆಹಾರ, ಆಮ್ಲಜನಕ, ಎಲ್ಲವೂ ಅದರಲ್ಲಿ. ಅದು ಬಾರದಿದ್ದರೆ ನಾವು ನಿಲ್ದಾಣ ಬಿಟ್ಟು ಇಳಿಯಬೇಕಿತ್ತು. “ವೇನ್ಯಾ ಬದಲು ಬೇರೆಯೋರನ್ನ ಕೂರಿಸಿ ಅಂತ ಹೇಳ್ಲಾ?” ಎಂದು ಯೆಫಿಮ್ ಕೇಳಿದರು. ನಾನು ಬೇಡವೆಂದೆ. ನನ್ನ ಕಿವಿ ಆ ದನಿಗೆ ಪಳಗಿಹೋಗಿದೆ.

ನೌಕೆ ಮೊದಲು ಒಂದು ಚುಕ್ಕಿಯಾಗಿ ಕಂಡಿತು, ಆಮೇಲೆ ರೆಕ್ಕೆ ಬಿಚ್ಚಿದ ಹುಳುವಿನಂತೆ. ಸಾಮಾನ್ಯವಾಗಿ ತಾನಾಗಿಯೇ ಬಂದು ಕೂಡಿಕೊಳ್ಳುತ್ತದೆ. ಈ ಸಲ ಹತ್ತಿರ ಬಂದದ್ದೇ ಅದರ ಯಂತ್ರ ದಾರಿ ತಪ್ಪಿ ಮೂತಿ ತೂಗಾಡಿಸತೊಡಗಿತು. ಸನ್ನೆಕೋಲುಗಳೆರಡನ್ನು ಹಿಡಿದು ಪರದೆ ನೋಡುತ್ತ ನಾನೇ ಅದನ್ನು ನಡೆಸಬೇಕಾಯಿತು. ನನ್ನ ಪರದೆಯಲ್ಲಿ ದೂರದ ಅಂಕಿ ಅಳಿಸಿಹೋಗಿತ್ತು. ಅದು ನೆಲಕ್ಕೆ ಮಾತ್ರ ಕಾಣುತ್ತಿತ್ತು.

“ವೇನ್ಯಾ, ದೂರ ಎಷ್ಟು?”

“ಎಂಬತ್ತು ಮೀಟರ್. ಜೋರಾಗಿ ಬರ್ತಿದೆ, ತಡಿ.”

ಕಿಟಕಿಗೆ ಮುಖ ಒತ್ತಿದ್ದ ಯೆಫಿಮ್ ಕೂಗಿದರು: “ಎಲ್ಲಿ ಎಂಬತ್ತು? ಇನ್ನೂ ದೂರ ಇದೆ ಕಣೋ! ಈಗ್ಲೇ ತಡೆದ್ರೆ ಅಡ್ಡ ಹೊರಳುತ್ತೆ!”

ನನಗೂ ದೂರವಿದ್ದಂತೆಯೇ ಕಂಡಿತು. ಸನ್ನೆಕೋಲು ಹಿಡಿದ ಬೆರಳು ಅಲ್ಲೇ ನಿಂತಿತು. ಈ ದನಿ ನನಗೆ ಏಳು ವಾರ ಸುಳ್ಳು ಹೇಳಿದೆ ಎಂದು ಮನಸ್ಸು ಹೇಳುತ್ತಿತ್ತು.

“ತಡಿಯೋ ರೋದ್ಯಾ! ನಿನ್ನ ಕಾಲಿಗೆ ಬೀಳ್ತೀನಿ, ತಡಿ!”

ತಡೆದೆ. ಪರದೆಯ ಮೇಲೆ ನೌಕೆ ಒಮ್ಮೆಲೇ ಊದಿಕೊಂಡು ಬಂತು. ಅವನು ಹೇಳಿದ್ದೇ ಸರಿಯಾಗಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಿಲ್ದಾಣದ ಹೊಟ್ಟೆಗೇ ಬಡಿಯುತ್ತಿತ್ತು. ಮೆಲ್ಲಗೆ ಒಂದು ಗುದ್ದು ಕೇಳಿಸಿತು, ಗೋಡೆಗಳು ನಡುಗಿ ಸುಮ್ಮನಾದವು. ಯೆಫಿಮ್ ನನ್ನ ತಲೆ ಹಿಡಿದು ಮುತ್ತಿಟ್ಟರು. “ರೋದ್ಯಾ...” ಎಂದು ವೇನ್ಯಾ ಶುರುಮಾಡಿದ. ನಾನು ಮೈಕ್ ಆರಿಸಿದೆ. ಏಳು ಟನ್ ಕಬ್ಬಿಣದ ವಿಷಯದಲ್ಲಿ ಸುಳ್ಳು ಹೇಳದವನು ಅಮ್ಮನ ವಿಷಯದಲ್ಲಿ ಹೇಗೆ ಹೇಳಿದ, ನೀನೇ ಹೇಳು.

ಬಾಗಿಲು ತೆರೆದಾಗ ಸೇಬಿನ ವಾಸನೆ ಬಂತು. ಸಾಮಾನಿನ ನಡುವೆ ಉಪ್ಪು ಹಾಕಿದ ಅಣಬೆಯ ಡಬ್ಬಿಯೊಂದಿತ್ತು. ಅದರ ಮೇಲೆ ‘ಅಮ್ಮನಿಂದ’ ಎಂಬ ಚೀಟಿ. ಯೆಫಿಮ್ ಕೇಂದ್ರದವರನ್ನು ಕೇಳಿ ತಿಳಿದುಕೊಂಡರು, ವೇನ್ಯಾನ ಹೆಂಡತಿ ಹಾಕಿದ್ದಂತೆ. ಮನೆಯಿಂದ ಏನೂ ಬರದಿದ್ದರೆ ನನಗೆ ಅನುಮಾನ ಬಂದೀತೆಂದು ಕಳಿಸಿದ್ದಂತೆ. ನಾನು ಅದನ್ನು ಮುಚ್ಚಳವನ್ನೂ ತೆಗೆಯದೆ ಕಸದ ಚೀಲಕ್ಕೆ ಹಾಕಿದೆ. ನೌಕೆಯ ಜೊತೆ ಅದೂ ಉರಿದುಹೋಗಲಿ.

ಅಕ್ಕ, ನಿನ್ನ ಮೇಲೆ ನನಗೆ ಮುನಿಸಿಲ್ಲ. ನಿನ್ನ ಬಾಯನ್ನೂ ಕೇಂದ್ರದವರೇ ಕಟ್ಟಿದ್ದಾರೆಂದು ಗೊತ್ತು. ಅಮ್ಮನನ್ನು ನೀನೊಬ್ಬಳೇ ತೊಳೆದು, ಬಟ್ಟೆ ಉಡಿಸಿ ಕಳಿಸಿಕೊಟ್ಟೆ. ನಾನು ಹೆಗಲು ಕೊಡಲಿಲ್ಲ. ಆ ಹೊತ್ತಿನಲ್ಲಿ ನಾನು ನಿಮ್ಮೆಲ್ಲರ ತಲೆಯ ಮೇಲೆ ಸುತ್ತುತ್ತ, ಬಹುಶಃ ಏನೋ ಹಾಡು ಗುನುಗುತ್ತಿದ್ದೆ. ನನಗೆ ಈಗ ಇರುವವಳು ನೀನೊಬ್ಬಳೇ. ಮೈಕೈ ನೋಡಿಕೋ. ಭಾವನಿಗೆ ನಮಸ್ಕಾರ. ಗ್ಲಾಷಾಗೆ ಸೋದರಮಾವನ ಆಶೀರ್ವಾದ. ಅವಳು ನೂರು ವರ್ಷ ನಗುತ್ತಾ ಬಾಳಲಿ.

ನಿನ್ನ ತಮ್ಮ,
ರೋದಿಯೋನ್

ತಾ.ಕ.: ಕಾಗದ ಮಡಿಸಿಟ್ಟ ಮೇಲೆ ವೇನ್ಯಾ ರೇಡಿಯೋದಲ್ಲಿ ಸಿಕ್ಕಿದ. ಇಷ್ಟು ದಿನ ಕೆಲಸದ ಮಾತು ಬಿಟ್ಟು ಏನೂ ಆಡಿರಲಿಲ್ಲ. ಇವತ್ತು ತಡೆಯಲಾರದೆ, “ಅಮ್ಮನ ಬಾಯಿಗೆ ನಿನ್ನ ಮಾತು ತುರುಕಿದ್ಯಲ್ಲೋ ಪಾಪಿ,” ಎಂದೆ. ಅವನು ಅತ್ತುಬಿಟ್ಟ.

“ಆ ಮಾತು ನಂದಲ್ಲ ಕಣೋ. ಅಮ್ಮ ಆಸ್ಪತ್ರೇಲಿದ್ರು. ನಿನ್ನ ಜೊತೆ ಮಾತಾಡಿಸೋಣ ಅಂತ ಲೈನ್ ಹಾಕಿಸಿದ್ದೆ, ಮಂಚದ ಪಕ್ಕಕ್ಕೆ ಫೋನ್ ಇಟ್ಟಿದ್ರು. ಉಸ್ತ್ಯಾ ಎತ್ಕೊಂಡು, ‘ಬೇಡ, ದನಿ ಕೇಳಿದ್ರೆ ಅವನು ಎಲ್ಲಾ ಬಿಟ್ಟು ಇಳಿದುಬರ್ತಾನೆ. ಇದ್ದುಬಿಡು ಅಂದ್ಲು ಅಂತ ಹೇಳು. ಏನಾದ್ರೂ ಆದ್ರೂ ತಿಳಿಸ್ಬೇಡ,’ ಅಂದ್ಲು. ನಮ್ಮ ಕೇಂದ್ರದ ಡಾಕ್ಟರುಗಳೂ ಅದನ್ನೇ ಹಿಡ್ಕೊಂಡ್ರು.”

“ಅಮ್ಮಂಗೆ ಎಚ್ಚರ ಇತ್ತಾ?”

“ಇತ್ತು. ನಿನ್ನ ಹೆಸರು ಹಿಡಿದು ಏನೋ ಕೇಳ್ತಿದ್ರು. ಹೆಸರು ಮಾತ್ರ ನನಗೆ ಕೇಳಿಸ್ತು.”

ಆಮೇಲೆ ಅವಳು ನಾಲ್ಕು ದಿನ ಬದುಕಿದ್ದಳಂತೆ.

ಮೇಲಿನ ಹಾಳೆಗಳನ್ನು ಹರಿಯಲಿಲ್ಲ ಅಕ್ಕ. ನಿನ್ನನ್ನು ಹೇಗೆ ನಂಬಿದ್ದೆನೆಂದು ನಿನಗೂ ಗೊತ್ತಾಗಲಿ. ಯೆಫಿಮ್ ಕೋಶದ ಮುಚ್ಚಳ ಹಿಡಿದು ಕಾಯುತ್ತಿದ್ದಾರೆ. ಆಗ ಅಮ್ಮನ ಪಕ್ಕದಲ್ಲಿದ್ದವಳು ನೀನು. ನನ್ನ ಹೆಸರು ಹಿಡಿದು ಅವಳು ಏನು ಕೇಳಿದಳು? ನನಗೆ ತಿಳಿಸು. ಈ ಸಲವಾದರೂ ಅವಳು ಆಡಿದ ಮಾತನ್ನೇ ತಿಳಿಸು.