ಆನೆ ಸಿಕ್ಕಿಕೊಂಡ ಲಿಫ್ಟ್

ಮಾರ್ಚ್ 3, ಸೋಮವಾರ

ಎಂದಿನಂತೆ ಕಚೇರಿ. ಎಂದಿನಂತೆ ಜೇಸನ್ — ಸಹೋದ್ಯೋಗಿಯಲ್ಲ, ಯಂತ್ರಗಳು ಸುದ್ದಿ ಬರೆಯುವ ಒಂದು ಶೈಲಿ. ಲಿಫ್ಟ್‌ಗಳು ದಿನವಿಡೀ ನಮ್ಮ ಸರ್ವರ್‌ಗೆ ಸುದ್ದಿ ಕಳಿಸುತ್ತವೆ — ಬಾಗಿಲು ತೆರೆಯಿತು, ಭಾರ ಹೆಚ್ಚಾಯಿತು, ಒಳಗೆ ಯಾರೋ ಗಂಟೆ ಒತ್ತಿದರು. ಬರುವುದು ಬರೀ ಅಕ್ಷರ. ಅದಕ್ಕೆ ಆಕಾರ ಕೊಟ್ಟು ಆಬ್ಜೆಕ್ಟ್ ಮಾಡಲು ಒಂದೊಂದು ಬಗೆಗೆ ಒಬ್ಬೊಬ್ಬ ಡಿಸೀರಿಯಲೈಸರ್, ಅಂದರೆ ಒಂದೊಂದು ಕೋಡ್ ತುಣುಕು. ಯಾವ ಸುದ್ದಿಗೆ ಯಾರು ಎಂದು ಹುಡುಕಿ, ಸಿಕ್ಕವನನ್ನು ಕ್ಯಾಶ್ ಎಂಬ ತಾತ್ಕಾಲಿಕ ನೆನಪಿನಲ್ಲಿಟ್ಟುಕೊಂಡು, ಮತ್ತೆ ಹುಡುಕುವ ಕಷ್ಟ ತಪ್ಪಿಸುವ ಹೊಸ ಕೋಡ್ — ಅದರ ಏಕಮೇವ ಪೀಠಾಧಿಪತಿ ನಾನು. ಸದ್ಯ ನಮ್ಮ ಕಟ್ಟಡದ ಲಿಫ್ಟ್ ಮೇಲಷ್ಟೇ ಪ್ರಯೋಗ. ಶಿಷ್ಯರಿಲ್ಲ. ಭಕ್ತರಿಲ್ಲ. ಪಕ್ಕದವನು ಕೆಲಸ ಬಿಟ್ಟ ಮೇಲೆ ಪಕ್ಕದ ಕುರ್ಚಿಯೂ ಇಲ್ಲ.

ಮಧ್ಯಾಹ್ನ ಬೇಸರ ತಡೆಯಲಾಗಲಿಲ್ಲ. ಲಿಫ್ಟ್‌ನ ಹೆಸರಿನಲ್ಲಿ ಕೈಯಾರೆ ಒಂದು ಸಂದೇಶ ಬರೆದುಬಿಟ್ಟೆ: ಅಲಾರಂ, ಒಳಗೆ ಆನೆ ಒಂದು, ತೂಕ ನಾಲ್ಕು ಟನ್. ಕೆಳಗಿನ ವರ್ಕ್‌ಶಾಪಿನ ಮೆಕ್ಯಾನಿಕ್ ಮಾವ ಪರದೆಯಲ್ಲಿ ‘ಅಲಾರಂ’ ಎಂಬುದನ್ನಷ್ಟೇ ನೋಡಿದರು. ಟೂಲ್ ಪೆಟ್ಟಿಗೆ ಹೊತ್ತು ಐದು ಮಹಡಿ ಮೆಟ್ಟಿಲು ಓಡಿ ಬಂದರು. ಲಿಫ್ಟ್ ತೆರೆದರೆ ಖಾಲಿ. ಆನೆಯ ವಿಷಯ ಹೇಳಿದೆ. ಬೈಯಲಿಲ್ಲ. ಗೋಡೆಗೆ ಕೈಯೂರಿ ನಿಂತು, ಉಸಿರು ಹಿಡಿತಕ್ಕೆ ಬಂದ ಮೇಲೆ, “ಆನೆ ಬಂದ್ರೆ ಹೇಳಪ್ಪ, ಬಾಳೆಹಣ್ಣು ತರ್ತೀನಿ” ಎಂದು ಇಳಿದುಹೋದರು. ಎಲ್ಲರೂ ನಕ್ಕರು. ನಕ್ಕು ಮುಗಿಸಿ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡರು.

ಮಾರ್ಚ್ 5, ಬುಧವಾರ

ಅಕ್ಕನ ಫೋನ್. ಇಲ್ಲಿ ಮಾತಾಡೋಕೆ ಯಾರೂ ಇಲ್ಲ ಕಣೇ ಎಂದೆ. ಹುಟ್ಟಿದಾಗಿನಿಂದ ಹೇಳಿದ ಎರಡನೆಯದೋ ಮೂರನೆಯದೋ ನಿಜ. ಹೊಟ್ಟೆ ಹಿಡಿದು ನಕ್ಕಳು. ಶುರುವಾಯ್ತಾ ನಿನ್ನ ನಾಟಕ ಎಂದಳು. ನಾನೂ ನಕ್ಕೆ. ಮರ್ಯಾದೆಯ ಪ್ರಶ್ನೆ.

ಮಾರ್ಚ್ 12, ಬುಧವಾರ

ಘೋರ ತಪ್ಪೊಂದು ಸಿಕ್ಕಿತು. ಕರ್ತೃ: ಸ್ವತಃ ಪೀಠಾಧಿಪತಿ.

ಸರ್ವರ್ ಮರುಚಾಲೂ ಆದಾಗ ಡಿಸೀರಿಯಲೈಸರ್‌ಗಳು ಒಬ್ಬೊಬ್ಬರಾಗಿ ಹಾಜರಿ ಹಾಕುತ್ತಾರೆ. ಅಲಾರಂನವನು ಸೋಮಾರಿ, ಕೊನೆಗೆ ಬರುತ್ತಾನೆ. ಅವನು ಬರುವ ಮೊದಲೇ ಯಾರಾದರೂ ಗಂಟೆ ಒತ್ತಿದರೆ ನನ್ನ ಕೋಡ್ ಹುಡುಕುತ್ತದೆ, ಸಿಗುವುದಿಲ್ಲ. ಆ ‘ಇಲ್ಲ’ವನ್ನೂ ಜೋಪಾನವಾಗಿ ಕ್ಯಾಶ್‌ನಲ್ಲಿಡುತ್ತದೆ. ಆಮೇಲೆ ಅವನು ಬಂದು ಎದುರಿಗೇ ನಿಂತರೂ ಕೇಳುವವರಿಲ್ಲ. ‘ಇಲ್ಲ’ ಎಂದಾಗಿದೆಯಲ್ಲ. ಅಲ್ಲಿಂದಾಚೆ ಯಾರು ಎಷ್ಟು ಗಂಟೆ ಒತ್ತಿದರೂ ವ್ಯರ್ಥ. ಸೋಮವಾರ ಇದೇ ಕೋಡ್ ಎಲ್ಲ ಲಿಫ್ಟ್‌ಗಳಿಗೂ ಹೋಗುತ್ತದೆ.

ಓಡಿಹೋಗಿ ಮೌನಿಬಾಬಾಗೆ ಹೇಳಿದೆ — ನಮ್ಮ ಸೀನಿಯರ್, ದಿನಕ್ಕೆ ಎರಡೇ ವಾಕ್ಯ. ಅವರ ಒಪ್ಪಿಗೆಯಿಲ್ಲದೆ ಒಂದು ಸಾಲೂ ಬದಲಾಯಿಸುವಂತಿಲ್ಲ. ಕೋಡ್ ಒಮ್ಮೆ ಓಡಿಸಿ ನೋಡಿದರು. ಗಂಟೆ ತಡವಾಗಿ ಬಂತು, ಸೋಮಾರಿ ಬೇಗ ಬಂದ; ಎಲ್ಲ ಸರಿಯಾಗಿತ್ತು.

“ಈ ಸಲ ಒಂಟೆನಾ?” ಎಂದರು.

ಎರಡನೆಯ ವಾಕ್ಯವನ್ನು ಉಳಿಸಿಕೊಂಡರು.

ಮಾರ್ಚ್ 15, ಶನಿವಾರ, ಮಧ್ಯಾಹ್ನ

ರಜೆ. ರೂಮಿನಲ್ಲಿ ಗೋಡೆ ನೋಡುವುದಕ್ಕಿಂತ ಕಚೇರಿಯ ಗೋಡೆ ವಾಸಿ ಎಂದು ಬಂದೆ. ಸಾಕ್ಷಿಯೂ ಬೇಕಿತ್ತು. ಲಿಫ್ಟ್ ಹೊಕ್ಕು, ಎರಡು ಮಹಡಿಗಳ ನಡುವೆ ನಿಲ್ಲಿಸುವ ಗುಂಡಿ ಎಳೆದು, ಮೊಬೈಲ್‌ನಿಂದಲೇ ಸರ್ವರ್ ಮರುಚಾಲೂ ಮಾಡಿ, ತಕ್ಷಣ ಗಂಟೆ ಒತ್ತಿದೆ. ಸರ್ವರ್ ಬರೆದಿಡುವ ಲಾಗ್‌ನಲ್ಲಿ: ಸಿಗಲಿಲ್ಲ. ಮತ್ತೆ ಒತ್ತಿದೆ. ಸಿಗಲಿಲ್ಲ. ವಿಜಯೋತ್ಸವ. ಲಾಗ್‌ನ ಫೋಟೊ ತೆಗೆದು, ಗುಂಡಿಯನ್ನು ಒಳಕ್ಕೆ ತಳ್ಳಿದೆ.

ಜಪ್ಪಯ್ಯ ಎಂದರೂ ಲಿಫ್ಟ್ ಅಲುಗಲಿಲ್ಲ.

ಅಲ್ಲೇ, ಸ್ವಲ್ಪ ಹೊತ್ತಿನ ಮೇಲೆ

ದಿನಚರಿ ಚೀಲದಲ್ಲಿತ್ತು, ಪುಣ್ಯ. ಮಾವನಿಗೆ ಫೋನ್ ಮಾಡಿದೆ. ಲಿಫ್ಟ್‌ನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದೆ. ಪರದೆಯಲ್ಲಿ ಅಲಾರಂ ಏನೂ ಬಂದಿಲ್ವಲ್ಲಪ್ಪ ಎಂದರು. ಬರೋದೇ ಇಲ್ಲ ಮಾವ, ಅದೇ ತಪ್ಪು ಎಂದೆ. ಆನೆಗೆ ನನ್ನ ನಮಸ್ಕಾರ ಹೇಳು ಎಂದು ಫೋನ್ ಇಟ್ಟುಬಿಟ್ಟರು.

ಸರ್ವರ್ ಮತ್ತೆ ಚಾಲೂ ಮಾಡಿದೆ. ಸೋಮಾರಿ ಹಾಜರಿ ಹಾಕುವವರೆಗೆ ಕಾದೆ. ಗಂಟೆ ಒತ್ತಿದೆ. ಈ ಸಲ ಅಲಾರಂ ಸರಿಯಾಗಿ ಹೋಯಿತು, ಪರದೆಗೂ ಮುಟ್ಟಿತು. ಮಾವ ಬರಲಿಲ್ಲ. ಮರುಚಾಲೂ ಮಾಡಿದರೆ ಖಾಲಿಯಾಗುವುದು ಸರ್ವರ್‌ನ ಕ್ಯಾಶ್ ಮಾತ್ರ, ಮಾವನದಲ್ಲ... ಫೋನ್ ಮಾಡಿದರೂ ಎತ್ತುತ್ತಿಲ್ಲ.

ಕನ್ನಡಿಯಲ್ಲಿ ಒಬ್ಬ ಇದ್ದಾನೆ. ಅವನಿಗೆ ಒಂದು ಜೋಕ್ ಹೇಳಿದೆ. ಕೇಳಿದ್ದೇ.

ಅಲ್ಲೇ, ಸಂಜೆ

ಅಕ್ಕನಿಗೆ ಫೋನ್ ಮಾಡಿದೆ. ಲಿಫ್ಟ್‌ನೊಳಗಿದ್ದೇನೆ, ಯಾರೂ ನಂಬುತ್ತಿಲ್ಲ ಎಂದೆ. ನಕ್ಕಳು. ನಾನು ನಗಲಿಲ್ಲ. ಅವಳ ನಗು ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತಿತು.

“ಅವತ್ತು ಯಾರೂ ಇಲ್ಲ ಅಂದ್ಯಲ್ಲ... ಅದೂ ನಿಜಾನಾ?”

ಹೂಂ ಎಂದೆ.

ಅವಳ ಕಡೆ ನಲ್ಲಿ ಸುರಿಯುತ್ತಿತ್ತು. ನಿಲ್ಲಿಸಿದಳು. ಆ ಮೆಕ್ಯಾನಿಕ್ ನಂಬರ್ ಕೊಡು ಎಂದಳು. ಅವರ ಹತ್ತಿರ ಏನು ಹೇಳಿದಳೋ ಗೊತ್ತಿಲ್ಲ.

ಮೆಟ್ಟಿಲಲ್ಲಿ ಓಡುವ ಹೆಜ್ಜೆ. ಪೆಟ್ಟಿಗೆ ಇಟ್ಟ ಸದ್ದು. ಏದುಸಿರು. ಬಾಗಿಲಿಗೆ ಬಡಿದರು.

“ಒಳಗೆ ಆನೆ ಇದೆಯೋ, ಮನುಷ್ಯ ಇದ್ದಾನೋ?”

ಭರ್ಜರಿ ಉತ್ತರವೊಂದು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಒಬ್ಬನೇ ಇದ್ದೀನಿ ಮಾವ ಎಂದೆ. ಈಗ ಸಂದಿಯಲ್ಲಿ ಸಲಾಕೆಯ ತುದಿ, ಬೆಳಕಿನ ಗೆರೆ ಒಂದು, ಅಗಲವಾಗುತ್ತಾ—