ಬಂದೂಕಿನಂಗಡಿಗೆ ಹೋಗಿ ಬಂದ ಸಮಾಚಾರ

ಲಕ್ಷ್ಮೀಪುರಂ, ಮೈಸೂರು
18-1-2026, ಭಾನುವಾರ

ಚಿ. ಸುಚಿತ್ರಾಳಿಗೆ ನಿನ್ನ ಅತ್ತೆಯ ಆಶೀರ್ವಾದ.

ಸೊಸೆಗೆ ಕಾಗದ ಬರೆಯುವಾಗ ಚಿರಂಜೀವಿಯ ಪಕ್ಕದಲ್ಲಿ ಸೌಭಾಗ್ಯವತಿ ಎಂದು ಬರೆಯುವುದು ರೂಢಿ. ಕೈ ಅಲ್ಲಿಗೆ ಬಂದು ನಿಂತಿತು. ಬಿಟ್ಟು ಬರೆದಿದ್ದೇನೆ. ನಿನ್ನ ಮೈ ಹೇಗಿದೆ? ಊಟ ಮಾಡುತ್ತೀಯೋ, ತಟ್ಟೆ ಮುಂದೆ ಕೂತು ಹಾಗೇ ಏಳುತ್ತೀಯೋ? ಗಗನಳ ಕೆಮ್ಮು ನಿಂತಿತೇ? ಹುಣಸೂರಿನ ಚಳಿ ಕೆಟ್ಟದ್ದು, ಮಗುವಿಗೆ ಕಿವಿ ಮುಚ್ಚುವ ಟೋಪಿ ಹಾಕು. ನಿಮ್ಮಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿರುವುದು ಅಂದರೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಅಷ್ಟೆ. ಅಳು ಮಾತ್ರ ಬರುವುದಿಲ್ಲ. ಸಂಕ್ರಾಂತಿ ದಿನ ಪಕ್ಕದ ಮನೆಯ ಪ್ರೇಮಲೀಲಾ ಸಾವಿನ ಮನೆಗೆ ಎಳ್ಳು ಕೊಡಬಹುದೋ ಕೊಡಬಾರದೋ ಎಂದು ಬಾಗಿಲಲ್ಲೇ ನಿಂತಿದ್ದಳು. ಕೊಡೋದಾದ್ರೆ ಕೊಡು, ಇಲ್ಲ ಅಂದ್ರೆ ಗಾಳಿಗೆ ಅಡ್ಡ ನಿಲ್ಲಬೇಡ ಅಂದೆ. ಕೊಟ್ಟಳು. ತಿಂದೆ. ಎಳ್ಳೋ ಮಣ್ಣೋ ನಾಲಿಗೆಗೆ ತಿಳಿಯಲಿಲ್ಲ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾನು ಎರಡನೇ ಮಾತಿಗೇ ರೇಗುತ್ತೇನೆ, ನೀನು ಇಟ್ಟುಬಿಡುತ್ತೀಯ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ ಇದು, ಸಾವಕಾಶವಾಗಿ ಓದು.

ನೀನು ಹೇಳಿದ ಕೆಲಸ ಮಾಡಿದ್ದೇನೆ. ನನ್ನ ಮಗ ಸುನಿಲನ ಥರ್ಟಿಟೂ ರಿವಾಲ್ವರು ಅವನು ಹೋದ ಮೇಲೆ ಪೊಲೀಸ್ ಠಾಣೆಯಲ್ಲಿದೆ. ಇನ್ನು ಪೆಟ್ರೋಲ್ ಬಂಕು ನೀನೇ ನಡೆಸುವವಳು, ನಿನ್ನ ಹೆಸರಿಗೆ ಲೈಸೆನ್ಸ್ ಆದರೆ ಅದನ್ನೇ ಬಿಡಿಸಿಕೊಳ್ಳುವುದೋ, ಅದನ್ನು ಮಾರಿ ಹಗುರವಾದ ಟ್ವೆಂಟಿಟೂ ಕೊಳ್ಳುವುದೋ, ಯಾವುದರಲ್ಲಿ ಖರ್ಚು ಕಡಿಮೆ, ಯಾವುದರಲ್ಲಿ ಅಪಾಯ ಕಡಿಮೆ, ವಿಚಾರಿಸಿ ಎಂದು ನೀನು ಅಂದಿದ್ದೆ. ಶುಕ್ರವಾರ ಬಂಕಿನ ಮ್ಯಾನೇಜರ್ ವೃಷಭೇಂದ್ರಪ್ಪನವರನ್ನು ಕರೆದುಕೊಂಡು ಬಂದೂಕಿನಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ಬಿಟ್ಟು ಅವರ ಮುಖ ನೋಡಿಕೊಂಡು ಮಾತಾಡಿದ. ಆಮೇಲೆ, ಯಜಮಾನ್ರು ಬರಲಿಲ್ವೇನಮ್ಮಾ ಅಂತ ಕೇಳಿದ. ಯಜಮಾನ್ರು ಹೋಗಿ ಬಹಳ ವರ್ಷ ಆಯ್ತು ಕಣಪ್ಪಾ, ಬೇಕೇಬೇಕು ಅಂದ್ರೆ ನೀನೇ ಹೋಗಿ ಕರ್ಕೊಂಡು ಬಾ ಅಂದೆ. ಅಲ್ಲಿಂದ ನನ್ನ ಜೊತೆ ನೆಟ್ಟಗೆ ಮಾತಾಡಿದ.

ಥರ್ಟಿಟೂ ಹೊಸದಾದರೆ ಲಕ್ಷದ ಮೇಲೆ. ನಮಗೆ ಆ ಖರ್ಚಿಲ್ಲ, ಇರುವುದನ್ನೇ ಬಿಡಿಸಿಕೊಳ್ಳುವುದು. ಆದರೆ ಅದರ ಗುಂಡು ದುಬಾರಿ, ವರ್ಷಕ್ಕೆ ಇಷ್ಟೇ ಎಂದು ಮಿತಿಯೂ ಉಂಟು. ಕೈಗೆ ಅಭ್ಯಾಸವಾಗಬೇಕಾದರೆ ಆ ದುಬಾರಿ ಗುಂಡನ್ನೇ ಸುಡಬೇಕು. ಹೊಡೆದಾಗ ಹಿಂದಕ್ಕೆ ಒದೆಯುತ್ತದಂತೆ, ನಿನ್ನ ಮಣಿಕಟ್ಟು ತಡೆಯುವುದು ಅನುಮಾನ. ಟ್ವೆಂಟಿಟೂ ಅದರ ಅರ್ಧ ಬೆಲೆಗೆ ಬರುತ್ತದೆ, ಗುಂಡೂ ಅಗ್ಗ, ಒದೆತ ಕಡಿಮೆ. ಆದರೆ ಪೆಟ್ಟು ಸಣ್ಣದು. ಕುಡಿದು ನುಗ್ಗುವವನು ಅದಕ್ಕೆ ನಿಲ್ಲುತ್ತಾನೆ ಎಂದು ಹೇಳಲಾಗದು ಎಂದು ಅವನೇ ಒಪ್ಪಿದ. ಇದು ಹೆಂಗಸರಿಗೆ ಅಂತಾನೇ ಇರೋದು ಕಣಮ್ಮಾ, ಪರ್ಸಲ್ಲಿ ಹಿಡಿಸ್ತದೆ ಅಂತ ನನ್ನ ಕೈಗೆ ಕೊಟ್ಟ. ಯಾಕೆ, ಗುಂಡು ಸೀರೆ ಉಟ್ಕೊಂಡು ಬರ್ತದಾ ಅಂದೆ. ವೃಷಭೇಂದ್ರಪ್ಪನವರು ಆಚೆ ತಿರುಗಿ ನಕ್ಕರು. ನನಗೆ ನಗು ಬರಲಿಲ್ಲ. ಕೈಯಲ್ಲಿ ಅದು ಇತ್ತು, ಅಡುಗೆಮನೆಯ ಲಟ್ಟಣಿಗೆಯಷ್ಟೂ ಭಾರವಿಲ್ಲ. ಏನೂ ಅನ್ನಿಸಲಿಲ್ಲ. ವಾಪಸ್ಸು ಕೊಟ್ಟೆ.

ಖರ್ಚು ನೋಡಿದರೆ ಹಳೆಯದು ವಾಸಿ, ಕೈಗೆ ಟ್ವೆಂಟಿಟೂ ವಾಸಿ. ನನ್ನ ಮಾತು ಕೇಳಿದರೆ ಎರಡೂ ಬೇಡ. ಯಾರಾದರೂ ಮೊಬೈಲು ಕಿವಿಗಿಟ್ಟರೆ ಬೈದು ಆಚೆ ಕಳಿಸುವ ಜಾಗ ನಮ್ಮ ಬಂಕು. ಅಲ್ಲಿ ಪೆಟ್ರೋಲ್ ಪೈಪಿನ ಪಕ್ಕ ನಿಂತು ಯಾರ ಮೇಲೆ ಗುಂಡು ಹಾರಿಸುತ್ತೀಯ? ಮನೆಯಲ್ಲಿ ಇಡೋಣವೆಂದರೆ ಗಗನ ಸ್ಟೂಲು ಹಾಕಿಕೊಂಡು ಅಟ್ಟದ ಮೇಲಿನ ಚಕ್ಕುಲಿ ಡಬ್ಬಿ ಇಳಿಸುವವಳು.

ಇನ್ನು ಆ ದಿನದ ಮಾತು. ನೀನೂ ಆಡಿಲ್ಲ, ನಾನೂ ಆಡಿಲ್ಲ. ಆಯುಧಪೂಜೆಗೆ ಸುನಿಲ ರಿವಾಲ್ವರಿಗೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ದೇವರ ಮುಂದೆ ಇಟ್ಟಿದ್ದ. ಸಂಜೆ ನಂಜನಗೂಡು ರಸ್ತೆಗೆ ಹೋಗಿ ಬಂಕಿನ ಕಲೆಕ್ಷನ್ ತರಬೇಕಿತ್ತು, ಬ್ಯಾಂಕಿಗೆ ರಜ. ಪೂಜೆಗೆ ಕೂರಿಸಿದ್ದನ್ನ ಇವತ್ತು ಎತ್ತಬಾರದು ಕಣ್ರೀ, ನಾಳೆ ವಿಜಯದಶಮಿ ಪೂಜೆ ಆದಮೇಲೆ ಎತ್ತಿಕೊಳ್ಳಿ ಅಂತ ನೀನು ಅಂದೆ. ಅವನು ಬರಿಗೈಲಿ ಹೋದ. ದಾರಿಯಲ್ಲಿ ಆ ಇಬ್ಬರು ಕಳ್ಳರು ಮಚ್ಚು ಬೀಸಿದರು. ನೀನು ಹೇಳಿದ್ದು ಎಲ್ಲ ಮನೆಯಲ್ಲೂ ಹೇಳುವ ಮಾತು. ಪೂಜೆಗಿಟ್ಟ ಪುಸ್ತಕವನ್ನೇ ಮಕ್ಕಳು ಆ ದಿನ ಮುಟ್ಟುವುದಿಲ್ಲ. ಪೊಲೀಸಿನವರನ್ನು ನಾನೇ ಕೇಳಿದೆ, ಕೈಲಿ ಅದು ಇದ್ದಿದ್ದರೆ ಉಳೀತಿದ್ನಾ ಅಂತ. ಹಿಂದಿನಿಂದ ಬಂದಿದ್ದಾರೆ ಕಣಮ್ಮಾ, ಸೊಂಟಕ್ಕೆ ಕೈ ಹಾಕೋಕೂ ಪುರಸತ್ತು ಇರಲಿಲ್ಲ ಅಂದರು. ನಿನ್ನ ಸಮಾಧಾನಕ್ಕೆ ಸುಳ್ಳು ಬರೆಯುವವಳಲ್ಲ ನಾನು, ನಿನಗೇ ಗೊತ್ತು. ನಿನ್ನ ಮಾತಿನಿಂದ ಅವನು ಸಾಯಲಿಲ್ಲ. ಮದುವೆಯಾದಾಗಿನಿಂದ ನಿನ್ನನ್ನು ಎಷ್ಟೋ ಬೈದಿದ್ದೇನೆ, ಸಾರಿಗೆ ಉಪ್ಪು ಜಾಸ್ತಿಯಾದರೂ ಬೈದಿದ್ದೇನೆ. ಇದಕ್ಕೆ ಬೈದಿಲ್ಲ, ಬೈಯುವುದೂ ಇಲ್ಲ.

ಹಣ ತರುವ ಕೆಲಸ ಇನ್ನು ಬ್ಯಾಂಕಿನ ವ್ಯಾನಿನವರು ಮಾಡುತ್ತಾರೆ, ಮಾತಾಡಿದ್ದೇನೆ. ಹಳೆಯ ಥರ್ಟಿಟೂ ಮಾರಿಬಿಡಲು ವಾರಸುದಾರಳು ಎಂದು ನಿನ್ನ ಸಹಿ ಬೇಕು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಗಗನಳಿಗೆ ಅಜ್ಜಿಯ ಮುತ್ತು. ನೂರು ವರ್ಷ ಬಾಳು.

ಇಂತಿ,
ಅಂಬುಜಮ್ಮ

ತಾ.ಕ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಕಳ್ಳರು, ಬಂಕು, ಖರ್ಚು ಎಂದು ಪುಟಗಟ್ಟಲೆ ಬರೆದೆ, ಹೆದರಿಕೆ ಇರುವುದು ಬೇರೆ. ನೀನು ಬೆಲೆ ಕೇಳಿದೆ, ತೂಕ ಕೇಳಿದೆ. ಅದನ್ನು ಎಲ್ಲಿಡುವುದು, ಬೀಗ ಹೇಗೆ ಎಂದು ಒಂದು ಸಲವೂ ಕೇಳಲಿಲ್ಲ. ಮಗುವಿನ ತಾಯಿ ಮೊದಲು ಕೇಳುವುದೇ ಅದು. ಗಗನ ಇನ್ನು ಅಮ್ಮನ ಮನೆಯಲ್ಲೇ ಇರಲಿ, ನಾನೊಬ್ಬಳೇ ಬರುತ್ತೇನೆ ಎಂದು ನೀನೇ ಅಂದೆ. ಅಂಗಡಿಯ ಮೆಟ್ಟಿಲಲ್ಲಿ ನನಗೆ ಅದು ಹೊಳೆದು ಅಲ್ಲೇ ಕೂತುಬಿಟ್ಟೆ, ವೃಷಭೇಂದ್ರಪ್ಪನವರು ಎಬ್ಬಿಸಿ ಆಟೋ ಹತ್ತಿಸಿದರು. ಒಬ್ಬನನ್ನು ಕಳಿಸಿದ್ದೇನೆ ಸುಚಿತ್ರಾ, ಇನ್ನೊಬ್ಬಳನ್ನು ಕಳಿಸಲಾರೆ. ನಿನ್ನ ಮನಸ್ಸಿನಲ್ಲಿ ಇರುವುದನ್ನು ನನ್ನ ಹತ್ತಿರ ಹೇಳು, ರೇಗುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣ, ಜೊತೆಗೆ ನಾನೂ ಬರುತ್ತೇನೆ, ನನಗೂ ಅಳು ಬರುತ್ತಿಲ್ಲವಲ್ಲ. ಇದನ್ನು ಅಂಚೆಗೆ ಹಾಕುವುದಿಲ್ಲ. ಬಾಯಲ್ಲಿ ಹೇಳಲು ಬಾರದೆ ಬರೆದಿದ್ದೇನೆ, ಬೆಳಗಿನ ಹುಣಸೂರು ಬಸ್ಸಿಗೆ ನಾನೇ ತರುತ್ತೇನೆ. ಓದಿಯಾಯಿತಲ್ಲ, ತಲೆ ಎತ್ತು. ಎದುರಿಗೇ ಕೂತಿದ್ದೇನೆ.